ಸೀಸೆಯ ಕೊರಳಲ್ಲಿ ಹಸಿರು

ಕೆರೆಗೆ ವಿಷಪಾಚಿ ಬಂದು ಈಜು ನಿಂತಾಗಿನಿಂದ ಮಾವನಿಗೆ ಊಟ ರುಚಿಸುತ್ತಿರಲಿಲ್ಲ. ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಆ ನೀರೇ ಅವರ ಬೆಳಗಿನ ಪ್ರಾರ್ಥನೆ. ದಡದ ಪರೀಕ್ಷಾಲಯದಲ್ಲಿ ವಾರವಾರ ನೀರು ನೋಡುವವಳು ಅವರ ಸೊಸೆಯೇ. ಅವಳು ಸರಿ ಎಂದರೆ ಈಜಬಹುದು, ಬೇಡ ಎಂದರೆ ಇಲ್ಲ.

ಅಂದು ಮಾವ ಬಾಗಿಲಲ್ಲೇ ಠಿಕಾಣಿ ಹೂಡಿದ್ದರು.

"ಏನಮ್ಮಾ, ನಿನ್ನ ಪಾಚಿಗೆ ನಮ್ಮೂರು ಇನ್ನೂ ಬೇಜಾರಾಗಿಲ್ವಾ?"

"ನೀವು ಬೆಳಕು ಬಿಟ್ರೆ ತಾನೇ ನೋಡೋದು, ಮಾವ?"

"ಈ ಮಂಡಿ ನನ್ನ ಮಾತು ಕೇಳೋದು ನೀರೊಳಗೆ ಮಾತ್ರ ಕಣಮ್ಮಾ."

ಅವಳ ಮನಸ್ಸು ಕರಗಿತು. ಬಹಳ ಹೊತ್ತಿನಿಂದ ಮೇಜಿನ ಮೇಲೆ ಅಲುಗದೆ ನಿಂತಿದ್ದ ಕೆರೆನೀರಿನ ಸೀಸೆಯ ತಳದಿಂದ ಹನಿಯೊಂದನ್ನು ಎತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ತಿಳಿಯಾಗಿತ್ತು.

"ಹೋಗಿ ಮಾವ, ಈಜಿ."

ಮುದುಕರ ಕಾಲಿಗೆ ರೆಕ್ಕೆ ಬಂತು.

ಸೀಸೆ ಎತ್ತಿಡಲು ಹೋದವಳು ಬಗ್ಗಿ ನೋಡಿದಳು. ಅದರ ಕೊರಳ ಸುತ್ತ ತೆಳ್ಳಗೆ ಹಸಿರು ಕಟ್ಟಿತ್ತು. ಒಡಲಲ್ಲಿ ಗಾಳಿ ತುಂಬಿಕೊಂಡು ಮೇಲೇರುವ ಪಾಚಿ ಅದು. ಹನಿ ತೆಗೆಯುವ ಮುಂಚೆ ಸೀಸೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಲೇಬೇಕು. ಮಮತೆಯ ಅವಸರದಲ್ಲಿ ಅದನ್ನೇ ಮರೆತಿದ್ದಳು. ಬೆರೆಸಿ ನೋಡಿದರೆ ಹನಿಯ ತುಂಬ ಹಸಿರು ಗೊಂಚಲು.

"ದೇವರೇ, ಅವರನ್ನ ದಡದಲ್ಲೇ ಹಿಡಿದಿಡಪ್ಪಾ" ಎನ್ನುತ್ತ ಓಡಿದಳು. ಮಾವ ಮೊಣಕಾಲುದ್ದ ನೀರಲ್ಲಿ ನಿಂತು, ಬಾಯಿ ಮುಕ್ಕಳಿಸಲು ಬೊಗಸೆ ಎತ್ತಿದ್ದರು.

"ಮಾವ! ಬಾಯಿಗೆ ಹಾಕ್ಬೇಡಿ! ಹೊರಗೆ ಬನ್ನಿ!"

"ಈಗ ತಾನೇ ಈಜಿ ಅಂದ್ಯಲ್ಲ?"

"ತಪ್ಪು ಹೇಳ್ದೆ. ಸೀಸೆ ಬೆರೆಸೋದು ಮರೆತೆ."

ಅವರ ಹಿಂದೆಯೇ ಈಜಲು ಬಂದಿದ್ದವರು ದಡದಲ್ಲಿ ಮುಖ ಮುಖ ನೋಡಿಕೊಂಡರು. "ಗಳಿಗೆಗೊಂದು ಮಾತು. ಇವಳನ್ನ ನಂಬೋದು ಹೇಗೆ?" ಎಂದು ಒಬ್ಬಾಕೆ ಗೊಣಗಿದಳು. ಸೊಸೆಗೆ ಕಣ್ಣೆತ್ತಲಾಗಲಿಲ್ಲ.

ಮಾವ ಬೊಗಸೆ ಚೆಲ್ಲಿ ಮೇಲೆ ಬಂದರು. ನಲ್ಲಿಯಡಿ ಕೈಕಾಲು ತಿಕ್ಕಿ ತೊಳೆಯುತ್ತಲೇ ಗೊಣಗಿದ ಹೆಂಗಸಿನ ಕಡೆ ತಿರುಗಿದರು.

"ನಂಬಬೇಕು ತಾಯಿ. ಇವಳು ನಾಚಿಕೆ ಅಂತ ಒಳಗೇ ಕೂತಿದ್ರೆ, ಇಷ್ಟು ಹೊತ್ತಿಗೆ ನಾನು ಈ ಹಸಿರು ಕಷಾಯ ಕುಡಿದು ಮುಗಿಸಿರ್ತಿದ್ದೆ."

ಗೊಣಗಿದಾಕೆಗೇ ಮೊದಲು ನಗು ಬಂತು.

ಸೊಸೆ ಹೊಸ ಸೀಸೆ ತುಂಬಿಸಿಕೊಳ್ಳುವಾಗ ಮಾವ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಆಮೇಲೆ ಬಂದವರನ್ನೆಲ್ಲ ತಡೆದು, "ನನ್ನ ಸೊಸೆ ಬೇಡ ಅಂದಿದ್ದಾಳೆ. ಬನ್ನಿ, ಹರಟೆ ಹೊಡೆಯೋಣ," ಎನ್ನುತ್ತಿದ್ದರು. ಒಬ್ಬರೂ ನೀರಿಗಿಳಿಯಲಿಲ್ಲ. ಅವಳು ಮನಸ್ಸಿನಲ್ಲೇ ಕೈಮುಗಿದಳು.