ಇವತ್ತು ಬೇಡ ಅಂದಿದ್ದರು

ಚಟ್ಟಕ್ಕೆ ಮೂರನೇ ಗಂಟು ಬಿಗಿಯುತ್ತಿದ್ದ ಬಸ್‌ಸ್ಟ್ಯಾಂಡಿನ ಹಮಾಲಿ ಭೂತಪ್ಪನ ಕೈಯನ್ನು ಜಿನಮ್ಮ ಗಬಕ್ಕನೆ ಹಿಡಿದುಕೊಂಡರು.

"ಬಿಚ್ಚು."

"ಎಂತಕ್ಕಮ್ಮಾ? ಹಗ್ಗ ಬಿಗಿ ಆಯ್ತಾ?"

"ಬಿಚ್ಚು ಮಾರಾಯ. ಇವ್ರ ಎದೇಲಿ ಮಿಷನ್ ಇದೆ. ಹಂಗೇ ಬೆಂಕಿಗೆ ಇಟ್ರೆ ಸಿಡೀತದೆ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು."

ಅಂಗಳದಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದ ಹೆಂಗಸರು ಅರ್ಧಕ್ಕೇ ನಿಲ್ಲಿಸಿದರು. ಮೂರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಜಿನಮ್ಮನ ಗಂಡ, ಬಸ್ ಏಜೆಂಟ್ ವರ್ಧಮಾನರ ಎಡಭುಜದ ಕೆಳಗೆ ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ಪೇಸ್‌ಮೇಕರ್ ಕೂರಿಸಿದ್ದು ಹೊಸನಗರಕ್ಕೆಲ್ಲ ಗೊತ್ತಿತ್ತು. ಗೊತ್ತಿದ್ದವರೆಲ್ಲ ಚೊಕ್ಕವಾಗಿ ಮರೆತಿದ್ದರು. ಮಗ ಋಷಭ್ ಕೂಡ ಮರೆತಿದ್ದ. ಈಗ ತಲೆಗೆ ಕೈಹೊತ್ತು ನಿಂತ.

ಗಂಟೆ ಮೂರಾಗಿತ್ತು. ಕತ್ತಲಾದ ಮೇಲೆ ಚಿತೆ ಹೊತ್ತಿಸಿದರೆ ಬೆಳಕಿಗೆ ಬರುವ ಹುಳಹುಪ್ಪಟೆಯೆಲ್ಲ ಬೆಂಕಿಗೆ ಬೀಳುತ್ತವೆ ಎಂದು ಜೈನರು ಹೊತ್ತಿರುವಾಗಲೇ ಮುಗಿಸುತ್ತಾರೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಋಷಭ್ ಫೋನ್ ಹಚ್ಚಿದ. ಆಸ್ಪತ್ರೆಯ ಡಾಕ್ಟರು ರಜೆ. ಬಸ್‌ಸ್ಟ್ಯಾಂಡಿನ ಪಕ್ಕ ಕ್ಲಿನಿಕ್ ಇಟ್ಟಿರುವ ಸ್ವಪ್ನಾ ಡಾಕ್ಟರು ಯಾರದೋ ಮದುವೆಗೆಂದು ತೀರ್ಥಹಳ್ಳಿಯಲ್ಲಿದ್ದರು. "ಐದಕ್ಕೆ ಬಂದು ನಾನೇ ತೆಗೀತೀನಿ, ಅಲ್ಲೀವರೆಗೆ ಯಾರೂ ಮುಟ್ಬೇಡಿ" ಎಂದರು.

ಹಗ್ಗ ಬಿಚ್ಚಿದರು. ಏಜೆಂಟರನ್ನು ಮತ್ತೆ ಒಳಗೆ ತಂದು ಚಾಪೆಯ ಮೇಲೆ ಮಲಗಿಸಿದರು. ಇನ್ನೆರಡು ತಾಸು ಯಾರಿಗೂ ಮಾಡಲು ಏನೂ ಉಳಿಯಲಿಲ್ಲ. ಸಾವಿನ ಮನೆಯಲ್ಲಿ ಕೈಗೆ ಕೆಲಸ ತಪ್ಪಿದರೆ ಬಾಯಿಗೆ ಕೆಲಸ ಸಿಗುತ್ತದೆ.

"ಅಲ್ಲ ಜಿನಮ್ಮೋರೆ," ಎಂದು ಶುರುಮಾಡಿದ ಸುಬ್ಬಪ್ಪ. ಕುಂದಾಪುರ ಬಸ್ಸಿಗೆ ಇಪ್ಪತ್ತು ವರ್ಷ ಡ್ರೈವರಾಗಿದ್ದವನು, ಏಜೆಂಟರ ಹಳೇ ದೋಸ್ತಿ. "ಕೈಕಾಲು ನಡುಗೋರನ್ನ, ಅದ್ರ ಮೇಲೆ ಎದೆಗೆ ಮಿಷನ್ ಹಾಕ್ಸಿಕೊಂಡೋರನ್ನ ಬೆಳಿಗ್ಗೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಡೆಸ್ತಿದ್ರಲ್ಲ. ಈ ಚಳೀಲಿ! ಮನೇಲಿ ಬೆಚ್ಚಗೆ ಕೂರಿಸಿದ್ರೆ ಇನ್ನೂ ನಾಕು ವರ್ಷ ಇರ್ತಿದ್ರೇನೋ."

"ನಡೆದಿದ್ದಕ್ಕೇ ಭಾವ ಇಷ್ಟು ದಿನ ಇದ್ದಿದ್ದು," ಎಂದು ಜಿನಮ್ಮನ ತಂಗಿ ಬ್ರಾಹ್ಮಿ ರೇಗಿದರು. "ಕೂರಿಸಿದ್ರೆ ಎರಡು ವರ್ಷದ ಹಿಂದೇನೇ ಹಾಸಿಗೆ ಹಿಡೀತಿದ್ರು."

"ನಾ ಎಂತ ಡಾಕ್ಟ್ರಾ? ನಂಗೆ ಕಂಡಿದ್ದು ಹೇಳ್ದೆ ಅಷ್ಟೇ."

ಸುಬ್ಬಪ್ಪ ಹೇಳಿದ್ದನ್ನೇ ಬೆಳಿಗ್ಗೆ ಎಂಟು ಗಂಟೆಯಿಂದ ಜಿನಮ್ಮನೂ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅಳು ಬಂದಿರಲಿಲ್ಲ, ಹಸಿವೆಯೂ ಗೊತ್ತಾಗಿರಲಿಲ್ಲ. ನಾನೇ ಕೊಂದೆನಾ? ಇದೊಂದು ಗೊತ್ತಾದರೆ ಸಾಕಿತ್ತು.

*

ಮೂವತ್ತೈದು ವರ್ಷ ವರ್ಧಮಾನ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. "ನಗರ, ಮಾಸ್ತಿಕಟ್ಟೆ, ಹೊಸಂಗಡಿ, ಸಿದ್ದಾಪುರ, ಕುಂದಾಪುರಾ!" ಎಂದು ಅವರು ಕೂಗಿದರೆ ತಾಲ್ಲೂಕು ಕಚೇರಿಯಲ್ಲಿ ಸಾಲಲ್ಲಿ ನಿಂತವರು ಕಾಗದ ಬಿಟ್ಟು ಓಡಿ ಬರುತ್ತಿದ್ದರು. ಪಾರ್ಕಿನ್ಸನ್ ಮೊದಲು ಕಸಿದದ್ದು ಆ ದನಿಯನ್ನೇ. ಆಮೇಲೆ ಬಲಗೈ ನಡುಕ ಬಂತು. ಆಮೇಲೆ ಕಾಲು. ನಡೆಯುತ್ತ ನಡೆಯುತ್ತ ಗೇಟಿನ ಹತ್ತಿರ ಹೆಜ್ಜೆ ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಮೈಯೆಲ್ಲ ಮುಂದಕ್ಕೆ, ಪಾದ ಮಾತ್ರ ಅಲ್ಲೇ.

ನರದ ಡಾಕ್ಟರು, "ದಿನಾ ನಡೀಬೇಕು, ಜೋರಾಗಿ ಕೂಗಬೇಕು. ಬಿಟ್ರೋ, ಕೆಟ್ರಿ" ಎಂದರು. ಎದೆಬಡಿತ ಒಮ್ಮೆ ಓಡಿ ಒಮ್ಮೆ ತಡೆಯತೊಡಗಿದ ಮೇಲೆ ಹೃದಯದ ಡಾಕ್ಟರು, "ಸುಸ್ತಾದ್ರೆ ಹಟ ಮಾಡ್ಬೇಡಿ, ಕೂತ್ಕೊಳ್ಳಿ" ಎಂದರು. ಪಾರ್ಕಿನ್ಸನ್ ಇದ್ದ ಮನುಷ್ಯನಿಗೆ ಸುಸ್ತಾಗದ ದಿನ ಯಾವುದಿರುತ್ತದೆ? ಇದು ಯಾವ ಸುಸ್ತು, ಕಾಲಿನದೋ ಎದೆಯದೋ, ಅಂತ ಕೇಳಿದರೆ ಇಬ್ಬರೂ ಇನ್ನೊಬ್ಬರನ್ನು ಕೇಳಿ ಎನ್ನುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ಏಳನೇ ಕ್ಲಾಸು ಓದಿದ ಜಿನಮ್ಮ ದಿನಾ ಬೆಳಿಗ್ಗೆ ಗಂಡನ ಮುಖ ನೋಡಿ ತೀರ್ಮಾನ ಮಾಡಬೇಕಿತ್ತು.

ಉಪಾಯ ಕಂಡುಹಿಡಿದದ್ದೂ ಅವರೇ. ಕಾಲು ಅಂಟಿಕೊಂಡಾಗ ಎಳೆದರೆ ಬೀಳುತ್ತಿದ್ದರು, ಬೈದರೆ ಇನ್ನೂ ಗಟ್ಟಿಯಾಗುತ್ತಿದ್ದರು. ಒಂದು ದಿನ ರೋಸಿಹೋಗಿ, ನಡುಬೀದಿಯಲ್ಲಿ, "ನಗರಾ!" ಎಂದು ಕೂಗಿಬಿಟ್ಟರು. ಏಜೆಂಟರ ಎಡಗಾಲು ಎದ್ದಿತು. "ಮಾಸ್ತಿಕಟ್ಟೇ!" ಬಲಗಾಲು ಬಂತು.

"ನಿನ್ನ ಗಂಟಲಿಗೆ ಪ್ಯಾಸೆಂಜರ್ ಬರಲ್ಲ ಕಣೇ," ಎಂದು ಅವರು ನಕ್ಕರು. ಪಾರ್ಕಿನ್ಸನ್‌ನಿಂದ ಮುಖ ಬಿಗಿದುಕೊಂಡ ಮೇಲೆ ಆ ನಗು ಜಿನಮ್ಮನಿಗೆ ಮಾತ್ರ ಗೊತ್ತಾಗುತ್ತಿತ್ತು.

ಅವತ್ತಿನಿಂದ ಗಂಡಹೆಂಡತಿ ದಿನಾ ಹೀಗೆ ಊರು ಕೂಗುತ್ತ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ಏಳೂಕಾಲರ ಬಸ್ಸಿಗೆ ಏಜೆಂಟರು ಇದ್ದಬದ್ದ ದನಿಯಲ್ಲಿ ಒಂದು ಸಲ ಕೂಗಿ ವಾಪಸು ಬರುತ್ತಿದ್ದರು. ನೋಡಿದವರು ನಗುತ್ತಿದ್ದರು. ನಗಲಿ, ನಮ್ಮ ಮನೆಯ ಗಂಟೇನು ಹೋಗುತ್ತದೆ ಎಂದು ಜಿನಮ್ಮ ಸೆರಗು ಬಿಗಿದುಕೊಳ್ಳುತ್ತಿದ್ದರು.

*

ಈ ಬೆಳಿಗ್ಗೆ ಏಜೆಂಟರು ಮಂಚದ ತುದಿಯಲ್ಲಿ ಕೂತು, "ಇವತ್ತು ಬೇಡ ಕಣೇ" ಎಂದಿದ್ದರು.

"ಯಾಕೆ? ಎದೆ ಹೆಂಗಾಗ್ತದೆ?"

"ಹಂಗೇನಿಲ್ಲ. ಯಾಕೋ ಬೇಡ ಅನ್ನಿಸ್ತದೆ."

"ಮೊನ್ನೆನೂ ಹಿಂಗೇ ಅಂದ್ರಿ, ಹೋಗಿ ಬಂದ್ಮೇಲೆ ಆರಾಮಾದ್ರಿ. ಇವತ್ತು ಬಿಟ್ರೆ ನಾಳೆನೂ ಬಿಡ್ತೀರಿ. ಏಳಿ, ಏಳಿ."

ಅವರು ಇನ್ನೊಂದು ಸಲ ಬೇಡ ಎನ್ನಲಿಲ್ಲ. ಸ್ವೆಟರಿನ ತೋಳಿಗೆ ಕೈ ತೂರಿಸಲು ಚಿಕ್ಕ ಹುಡುಗನ ಹಾಗೆ ಕೈ ಚಾಚಿದರು. ಬಸ್‌ಸ್ಟ್ಯಾಂಡು ಮುಟ್ಟಿದರು. ನಗರ ಎಂದರು, ಮಾಸ್ತಿಕಟ್ಟೆ ಎಂದರು, ಕಲ್ಲುಬೆಂಚಿನ ಮೇಲೆ ಕೂತು ಪಕ್ಕಕ್ಕೆ ವಾಲಿದರು. ಭೂತಪ್ಪ ಹೊರುತ್ತಿದ್ದ ಮೂಟೆ ಎಸೆದು ಓಡಿಬಂದ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಸ್ವಪ್ನಾ ಡಾಕ್ಟರು ಬಂದಾಗ ಐದೂಹತ್ತು. ಮದುವೆಯ ರೇಷ್ಮೆ ಸೀರೆಯಲ್ಲೇ ಬಂದಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ಕಾಲು ಗಂಟೆಯಲ್ಲಿ ಹೊರಬಂದರು. ಕೈಯಲ್ಲಿ ಸ್ಟೀಲ್ ತಟ್ಟೆ. ಅದರಲ್ಲಿ ತೊಳೆದಿಟ್ಟ ಚಪ್ಪಟೆ ಬಿಲ್ಲೆ, ಕತ್ತರಿಸಿದ ತಂತಿಯ ತುಂಡು.

"ಹೊಲಿಗೆ ಹಾಕಿದೀನಿ. ಇನ್ನು ತಗೊಂಡು ಹೋಗ್ಬಹುದು."

ಜಿನಮ್ಮ ತಟ್ಟೆಯನ್ನೇ ನೋಡಿದರು. "ಇದು ಕೆಟ್ಟು ನಿಂತಿದೆಯಾ?"

"ನಿಂತಿರಲಿಕ್ಕಿಲ್ಲ. ಬ್ಯಾಟರಿ ಇರೋವರೆಗೆ ಅದರ ಪಾಡಿಗೆ ಅದು ಕೆಲಸ ಮಾಡ್ತಿರ್ತದೆ."

"ಮತ್ತೆ ಅವ್ರು ಯಾಕೆ ಹೋದ್ರು?"

"ಇಲ್ಲಿ ನಿಂತು ಹೇಳೋದು ಕಷ್ಟಮ್ಮ. ಬಡಿತ ಯಾವಾಗ ಹೆಂಗಾಯ್ತು ಅಂತ ಇದ್ರೊಳಗೆ ದಾಖಲಾಗಿರ್ತದೆ. ಅದನ್ನ ಓದೋ ಮಿಷನ್ ಶಿವಮೊಗ್ಗದಲ್ಲಿದೆ."

"ಬೆಳಿಗ್ಗೆ ನಡೆಸಿದ್ದಕ್ಕೇ ಆಗಿದ್ದಾ, ಮೊದಲೇ ಹದಗೆಟ್ಟಿತ್ತಾ, ಅದು ಗೊತ್ತಾಗ್ತದಾ?"

"ಪೂರ್ತಿ ಅಲ್ದಿದ್ರೂ ಸುಮಾರಾಗಿ ಗೊತ್ತಾಗ್ಬಹುದು. ಬಡಿತ ತಿಂಗಳುಗಟ್ಟಲೆ ತಪ್ತಾ ಬಂದಿದ್ರೆ ಅದೂ ಇರ್ತದೆ."

ಬೆಳಿಗ್ಗೆಯಿಂದ ಮೊದಲ ಸಲ ಜಿನಮ್ಮ ಉಸಿರನ್ನು ಪೂರ್ತಿ ಎಳೆದುಕೊಂಡರು. "ಕಳ್ಸಿ. ನಾಳೆನೇ ಕಳ್ಸಿ."

"ಬೇಡ," ಎಂದ ಋಷಭ್. ಅಮ್ಮನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ. ಸಾಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟು ನಲವತ್ತು ದಾಟಿದ ಮಗ. ಅಪ್ಪನ ಹೆಣದ ಮುಂದೆ ಅಳದವನು ಅಲ್ಲಿ ಒಲೆಕಟ್ಟೆ ಹಿಡಿದು ಅತ್ತ.

"ಅಕ್ಟೋಬರಲ್ಲಿ ಶಿವಮೊಗ್ಗದಿಂದ ಫೋನ್ ಬಂದಿತ್ತಮ್ಮ. ಚೆಕಪ್ಪಿಗೆ ಕರ್ಕೊಂಡು ಬನ್ನಿ ಅಂತ. ಅಂಗಡಿ ಬಿಟ್ಟು ಬರೋಕಾಗ್ಲಿಲ್ಲ, ಮುಂದಿನ ವಾರ ಅಂದೆ. ಆಮೇಲೂ ಎರಡು ಸಲ ಮೆಸೇಜ್ ಹಾಕಿದ್ರು. ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಬರ್ತಾ ಇದಾರಲ್ಲ, ಎಂತ ಆಗ್ತದೆ ಅಂದ್ಕೊಂಡೆ. ನಿಂಗೂ ಹೇಳ್ಲಿಲ್ಲ. ಎರಡು ತಿಂಗಳಿಂದ ಕೆಟ್ಟಿತ್ತು ಅಂತ ಅದ್ರಲ್ಲಿ ಬಂದ್ರೆ ನಾ ಹೆಂಗಮ್ಮ ಬದುಕ್ಲಿ?"

ಜಿನಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎಷ್ಟು ಸಿಟ್ಟು ಬಂತೆಂದರೆ ಕೈ ಎತ್ತಿಯೂಬಿಟ್ಟರು. ಎತ್ತಿದ ಕೈ ಅವನ ಬೆನ್ನಿನ ಮೇಲೆ ಹೋಗಿ ಕೂತಿತು. ಆ ಬಿಲ್ಲೆ ಅಮ್ಮನದು ತಪ್ಪಲ್ಲ ಎಂದರೆ ಮಗನದು ತಪ್ಪು ಎನ್ನುತ್ತದೆ. ಯಾರದೂ ತಪ್ಪಲ್ಲ ಎಂಬ ಮೂರನೆಯದೊಂದು ಅದರಲ್ಲಿ ಬರೆದಿರಬಹುದು, ಬರೆಯದೇ ಇರಬಹುದು. ಓದಿಸಿಬಿಟ್ಟ ಮೇಲೆ ಓದಿಸಲಿಲ್ಲ ಅನ್ನಲಿಕ್ಕಾಗುವುದಿಲ್ಲ.

"ಮುಖ ತೊಳ್ಕೊ," ಎಂದು ಅವರು ಹೊರಗೆ ಬಂದರು.

"ಎಲ್ಲಿಗೂ ಕಳ್ಸೋದು ಬೇಡ ಡಾಕ್ಟ್ರೆ. ನೀವೇ ತಗೊಂಡು ಹೋಗಿ ಎಂತಾದ್ರೂ ಮಾಡಿ."

"ಈಗಷ್ಟೇ ನೀವೇ ಕೇಳಿದ್ರಿ..."

"ಕೇಳಿದ್ದೆ. ನಂಗೆ ಗೊತ್ತೇ ಇದೆಯಲ್ಲ." ಜಿನಮ್ಮ ದನಿ ಎತ್ತರಿಸಿದರು. ಅಂಗಳದ ತುದಿಯಲ್ಲಿದ್ದ ಸುಬ್ಬಪ್ಪನಿಗೂ ಕೇಳುವಷ್ಟು. "ಇವತ್ತು ಬೇಡ ಅಂದಿದ್ರು. ನಾನೇ ಜೋರು ಮಾಡಿ ಎಬ್ಬಿಸಿ ಕರ್ಕೊಂಡು ಹೋದೆ. ಎದೆ ತಡೀಲಿಲ್ಲ, ಹೋದ್ರು. ಇದನ್ನ ಓದೋಕೆ ಶಿವಮೊಗ್ಗ ಯಾಕೆ?"

"ಛೆ ಛೆ, ಹಂಗಲ್ಲ ಜಿನಮ್ಮೋರೆ, ನಾ ಬಾಯ್ತಪ್ಪಿ..." ಎಂದು ಸುಬ್ಬಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಬ್ರಾಹ್ಮಿ ಅಕ್ಕನ ಹತ್ತಿರ ಬಂದರು. ಜಿನಮ್ಮ ಅವರನ್ನು ಸರಿಸಿ, ಸೌದೆ ತಂದಿದ್ದ ಪಿಕಪ್ ಕಡೆ ನಡೆದರು.

ಸ್ಮಶಾನಕ್ಕೆ ಒಯ್ಯುವ ಮೊದಲು ಸೌದೆಯಲ್ಲಿ ಇರುವೆ ಗೆದ್ದಲು ಇಲ್ಲವೆಂದು ಒಂದೊಂದನ್ನೂ ತಟ್ಟಿ, ಗುಡಿಸಿ ನೋಡಬೇಕು. ನಾಲ್ಕು ಹೆಂಗಸರು ಆ ಕೆಲಸದಲ್ಲಿದ್ದರು. ಜಿನಮ್ಮ ನೆಲಕ್ಕೆ ಕೂತು ಒಂದು ದಪ್ಪ ಸೌದೆ ಕುಂಟೆಯನ್ನು ಮಡಿಲಿಗೆ ಎಳೆದುಕೊಂಡರು. ತೊಗಟೆ ಸ್ವಲ್ಪ ಎಬ್ಬಿಸಿದ್ದೇ ತಡ, ಬಿಳಿ ಮೊಟ್ಟೆ ಕಚ್ಚಿಕೊಂಡು ಕಪ್ಪಿರುವೆಗಳು ಸಾಲಾಗಿ ಹೊರಬಂದವು.

"ಅದನ್ನ ಪಕ್ಕಕ್ಕೆ ಹಾಕಿ, ಬೇರೆ ಸೌದೆ ಬೇಕಾದಷ್ಟಿದೆ," ಎಂದ ಭೂತಪ್ಪ. "ಹೊತ್ತು ಇಳೀತಾ ಇದೆಯಮ್ಮಾ."

"ತಡಿ. ನಾನು ಗೂಡು ಕಿತ್ತೆನಲ್ಲ. ಎಲ್ಲ ಇಳೀಲಿ."

ಋಷಭ್ ಬಂದ. ಮುಖದ ನೀರು ಒರೆಸಿಕೊಂಡಿರಲಿಲ್ಲ. ಅಮ್ಮನ ಎದುರು ಕೂತು, ಕುಂಟೆ ಅಲುಗದ ಹಾಗೆ ಅದರ ಇನ್ನೊಂದು ತುದಿ ಹಿಡಿದುಕೊಂಡ. ಮೊದಲ ಇರುವೆ ಅವನ ಬೆರಳು ಹತ್ತಿ, ಮೊಟ್ಟೆ ಬಿಡದೆ, ಅಂಗಿಯ ತೋಳಿನತ್ತ ಹೊರಟಿತು. ಅವನು ಕೊಡವಲಿಲ್ಲ. ಒಳಗಿಂದ ಇನ್ನೂ ಬರುತ್ತಲೇ ಇದ್ದವು.