ಹೊಗೆ ಕಡಿಮೆಯಾದ ವರ್ಷ

ಸ್ಕಾರ್‌ಬರೋದ ಹದಿನಾರು ಮಹಡಿಯ ಆ ಬಾಡಿಗೆ ಕಟ್ಟಡವನ್ನು ದೇರಣ್ಣ ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಸೂಪರಿಂಟೆಂಡೆಂಟ್ ಎನ್ನುವಷ್ಟು ಪುರುಸೊತ್ತು ಯಾರಿಗೂ ಇಲ್ಲದ ಕಾರಣ ಎಲ್ಲರಿಗೂ ಅವನು ‘ಸೂಪರ್’. ನಲ್ಲಿ ಸೋರಿದರೂ ಅವನೇ, ಲಿಫ್ಟು ನಿಂತರೂ ಅವನೇ. ಕೆಲಸದ ಜೊತೆಗೇ ಕೆಳಮಹಡಿಯಲ್ಲೊಂದು ಮನೆ ಸಿಕ್ಕಿತ್ತು. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂಬುದು ಅವನಿಗೂ ಹೆಂಡತಿ ಲೋಲಾಕ್ಷಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಜೂನ್ ಮೊದಲ ವಾರ ಕಟ್ಟಡದ ಮಾಲೀಕ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ ಅವನನ್ನು ಹೊಗಳಿದ. ದೊಡ್ಡ ಕಟ್ಟಡಗಳು ಹಿಂದಿನ ವರ್ಷ ಎಷ್ಟು ಗ್ಯಾಸು, ಎಷ್ಟು ಕರೆಂಟು ಬಳಸಿದವು, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂದು ನಗರಾಡಳಿತಕ್ಕೆ ವರದಿ ಕೊಡುವ ಕಾಲ ಅದು. ಕಂಪನಿಯ ಒಂಬತ್ತು ಕಟ್ಟಡಗಳಲ್ಲಿ ದೇರಣ್ಣನದ್ದೇ ಮುಂದೆ. ಹೊಗೆ ಕಾಲುಭಾಗ ಇಳಿದಿತ್ತು. ಕಂಪನಿಯ ಪತ್ರಿಕೆಯಲ್ಲಿ ಅವನ ಫೋಟೋ ಬರುತ್ತದಂತೆ. ಅಂಕಿ ಪರಿಶೀಲಿಸಲು ಎಂಜಿನಿಯರ್ ಒಬ್ಬಳು ಬರುತ್ತಾಳೆ, ಹೆಚ್ಚು ಮಾತು ಬೇಡ ಎಂದ ಮ್ಯಾನೇಜರ್.

ಹೊಗೆ ಯಾಕೆ ಇಳಿಯಿತು ಎಂಬುದು ದೇರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಜನವರಿಯಲ್ಲಿ ಕಟ್ಟಡಕ್ಕೆಲ್ಲ ಬಿಸಿ ಕೊಡುವ ಎರಡು ಗ್ಯಾಸ್ ಬಾಯ್ಲರ್‌ಗಳಲ್ಲಿ ಒಂದು ಕೆಟ್ಟು ನಿಂತಿತ್ತು. ಅವನು ಬರೆದ ಈಮೇಲುಗಳಿಗೆಲ್ಲ ‘ನೋಡೋಣ’ ಎಂಬುದೊಂದೇ ಉತ್ತರ. ಹಾಗೇ ಎರಡು ಚಳಿಗಾಲ ಕಳೆದವು. ಮೇಲಿನ ಮಹಡಿಗಳಿಗೆ ಬಿಸಿ ಏರುತ್ತಿರಲಿಲ್ಲ. ದೂರು ಬಂದಾಗಲೆಲ್ಲ ಅವನು ಚಿಕ್ಕ ಕರೆಂಟ್ ಹೀಟರ್ ಹೊತ್ತುಕೊಂಡು ಹೋಗಿ ಇಟ್ಟು, ತಲೆ ತಗ್ಗಿಸಿಕೊಂಡು ಬರುತ್ತಿದ್ದ.

ಬಂದ ಎಂಜಿನಿಯರ್ ಹೆಸರು ಮಾಧುರಿ. ಯೂನಿಯನ್‌ವಿಲ್‌ನಲ್ಲಿರುವ ಪರಿಶೀಲನಾ ಸಂಸ್ಥೆಯವಳು, ಮೂಲ ಧಾರವಾಡ. ಅವನ ಹೆಸರು ಕೇಳಿದ್ದೇ ಕನ್ನಡಕ್ಕೆ ತಿರುಗಿದಳು. ಬಾಯ್ಲರ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು, “ಗ್ಯಾಸ್ ಇಳದದ, ಛಲೋ ಆತು. ಆದ್ರ ಜನವರಿ, ಫೆಬ್ರವರಿಗೆ ಕರೆಂಟ್ ಯಾಕ ಇಷ್ಟ್ ಏರೇದರಿ?” ಎಂದು ಕೇಳಿದಳು.

“ಈಗ ಜನ ಮನೆಯಿಂದಲೇ ಕೆಲಸ ಮಾಡ್ತಾರಲ್ಲ ಮೇಡಮ್,” ಎಂದ ದೇರಣ್ಣ.

ಅವಳು ಅದನ್ನು ಬರೆದುಕೊಂಡಳು. “ಇಲ್ಲಿ ಕರೆಂಟ್ ಹೆಚ್ಚಾಗಿ ಅಣುಸ್ಥಾವರದ್ದು, ನೀರಿಂದು. ಅದಕ್ಕ ಹೊಗಿ ಲೆಕ್ಕ ಕಡಿಮಿ ಬರ್ತದ. ನಿಮ್ಮ ಕಂಪನಿಯವ್ರು ಇದನ್ನ ನೋಡಿ, ಒಂದ ಬಾಯ್ಲರ್ ಸಾಕು, ಇನ್ನೊಂದನ್ನ ತಗದ ಬಿಡೂಣು ಅಂದಾರ. ನಾ ಸೈ ಮಾಡಿದ್ರ ಮುಗೀತು.”

ದೇರಣ್ಣ ತಣ್ಣಗೆ ನಿಂತಿದ್ದ ಬಾಯ್ಲರಿನತ್ತ ನೋಡಿದ. ಇದನ್ನು ತೆಗೆದರೆ ಮೇಲಿನ ಮಹಡಿಗಳಿಗೆ ಇನ್ನೆಂದೂ ಬಿಸಿ ಏರುವುದಿಲ್ಲ.

“ಮೇಡಮ್, ನಾನು ಈಗ ಹೇಳಿದ್ದು ಸುಳ್ಳು,” ಎಂದ. “ಇದು ಕೆಟ್ಟು ಒಂದೂವರೆ ವರ್ಷ ಆಯ್ತು. ನಂಬಿಕೆ ಇಲ್ಲದಿದ್ರೆ ಮೇಲೆ ಬನ್ನಿ, ಜನರನ್ನೇ ಕೇಳ್ಲಿಕ್ಕೆ ಆಗ್ತದೆ.”

ಹದಿನಾಲ್ಕನೇ ಮಹಡಿಯಲ್ಲಿ ದಾನವ್ವನ ಮನೆ. ಬೆಳಗಾವಿ ಕಡೆಯ ಮುದುಕಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ತನ್ನ ಮಾತಿನವಳು ಬಂದಳೆಂದು ಮಾಧುರಿಯ ಕೈ ಹಿಡಿದು ಕೂರಿಸಿಕೊಂಡಳು. ಚಳಿಗಾಲದ ಬಗ್ಗೆ ಕೇಳಿದರೆ, “ಓವನ್ ಬಾಗಲಾ ತಗದ ಅದರ ಮುಂದ ಕುಂಡರ್ತಿದ್ದೆ ನೋಡವಾ. ಮೊಮ್ಮಗಳು ಕೋಟ್ ಹಾಕ್ಕೊಂಡ ಹೋಮ್‌ವರ್ಕ್ ಮಾಡ್ತಿದ್ಲು. ಈ ತಮ್ಮಗ ಏನೂ ಅನ್‌ಬ್ಯಾಡ. ತನ್ನ ಮನಿ ಹೀಟರ್ ತಂದ ನಮಗ ಕೊಟ್ಟಾನ,” ಎಂದಳು.

ಆ ಹೊಗಳಿಕೆ ದೇರಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕಿಟಕಿಯ ಕಡೆ ತಿರುಗಿ ನಿಂತ.

ಲಿಫ್ಟಿನಲ್ಲಿ ಮಾಧುರಿ ಕೇಳಿದಳು. “ಯಾರು ಹೇಳಿದ್ರು ಅಂತ ಬರೀಬೇಕಾಗ್ತದ. ನಿಮ್ಮ ಹೆಸರು ಹಾಕ್ಲಿ?”

ಅವನು ಜೇಬಿನಿಂದ ಫೋನ್ ತೆಗೆದ. “ಹಾಕಿ. ನನ್ನ ಈಮೇಲ್ ಎಲ್ಲಾ ಉಂಟು, ಅದನ್ನೂ ಕೊಡ್ತೇನೆ,” ಎಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ಲೋಲಾಕ್ಷಿಗೆ ತಿಳಿಸಿದ. ಅವಳು ಗಂಜಿಯ ಬಟ್ಟಲು ಕೆಳಗಿಟ್ಟು, ಮನೆ ಖಾಲಿ ಮಾಡಬೇಕಾಗಬಹುದಾ ಎಂದು ತುಳುವಿನಲ್ಲಿ ಕೇಳಿದಳು. ಗೊತ್ತಿಲ್ಲ ಎಂದ. ಬಟ್ಟಲನ್ನು ಮತ್ತೆ ಎತ್ತಿಕೊಂಡು, ಲಿಫ್ಟಿನಲ್ಲಿ ಆ ಅಜ್ಜಿ ಸಿಕ್ಕಿದಾಗಲೆಲ್ಲ ತನಗೂ ಮುಖ ಎತ್ತಲು ಆಗುತ್ತಿರಲಿಲ್ಲ ಎಂದಳು.

ಮಾಧುರಿ ವರದಿಯಲ್ಲಿ ನೇರವಾಗಿ ಬರೆದಳು: ಇದು ಉಳಿತಾಯವಲ್ಲ, ಜನ ಚಳಿಯಲ್ಲಿ ಕೂತಿದ್ದರಿಂದ ಇಳಿದ ಅಂಕಿ. ಮ್ಯಾನೇಜರ್ ಕೆಂಡವಾದ. ಆದರೆ ಎರಡು ಚಳಿಗಾಲದ ಈಮೇಲುಗಳು ವರದಿಯ ಜೊತೆಗೇ ಇದ್ದುದರಿಂದ ದೇರಣ್ಣನನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಫೋಟೋದ ಮಾತು ಮತ್ತೆ ಬರಲಿಲ್ಲ. ದುರಸ್ತಿಯ ಪಟ್ಟಿಯಲ್ಲಿ ಕೊನೆಯಲ್ಲಿದ್ದ ಕಟ್ಟಡ ಮೊದಲಿಗೆ ಬಂತು. ಅಕ್ಟೋಬರಿನಲ್ಲಿ ಕ್ರೇನು ಬಂದು, ಹೊರಗಿನ ಗಾಳಿಯಿಂದಲೇ ಬಿಸಿ ಹೀರಿ ಒಳಗೆ ತರುವ, ಕರೆಂಟಿನಿಂದ ನಡೆಯುವ ಹೀಟ್ ಪಂಪುಗಳನ್ನು ಟೆರೇಸಿಗೆ ಏರಿಸಿತು. ತೀರಾ ಕೊರೆಯುವ ದಿನಗಳಿಗೆಂದು ಕೆಳಗೆ ಹೊಸ ಸಣ್ಣ ಬಾಯ್ಲರೂ ಕೂತಿತು.

ಡಿಸೆಂಬರಿನ ಮೊದಲ ದೊಡ್ಡ ಹಿಮ ಬಿದ್ದ ಬೆಳಿಗ್ಗೆ ದೇರಣ್ಣ ಪಾರ್ಕಿಂಗಿನಲ್ಲಿ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತ ತಲೆ ಎತ್ತಿದರೆ, ಹದಿನಾಲ್ಕನೇ ಮಹಡಿಯ ಒಂದು ಕಿಟಕಿ ಪೂರ್ತಿ ತೆರೆದಿತ್ತು. ಓಡಿಹೋಗಿ ಬಾಗಿಲು ತಟ್ಟಿದ. ದಾನವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಬಾಗಿಲು ತೆಗೆದಳು.

“ಭಾಳ ಶೆಕಿ ಆಗೇತೋ ತಮ್ಮಾ.”

ಬಿಸಿ ಹೊರಗೆ ಹೋದರೆ ಅದೂ ದಂಡವೇ ಎಂದುಕೊಳ್ಳುತ್ತ ಅವನು ಒಳಗೆ ಬಂದ. ಬಿಸಿ ಹೊಂದಿಸುವ ಗೋಡೆಯ ಮೇಲಿನ ಗುಂಡಿಯನ್ನು ಎರಡು ಡಿಗ್ರಿ ಇಳಿಸಿ, ಹೇಗೆ ತಿರುಗಿಸುವುದೆಂದು ಅವಳ ಕೈಯಲ್ಲೇ ಮಾಡಿಸಿ ತೋರಿಸಿದ.