ಅಂಗಾತ ಮಲಗಿಸಿದವಳು

ವಡಿವು ಯಾರ ಮಾತಿಗೂ ನೇರ ಉತ್ತರ ಕೊಟ್ಟವಳಲ್ಲ. ‘ಅದಿರಲಿ’ ಎಂದು ಎದುರಿನವರ ಮಾತನ್ನು ಪಕ್ಕಕ್ಕೆ ಸರಿಸಿ, ತನ್ನದನ್ನು ನಡುವೆ ಕೂರಿಸುವುದು ಅವಳ ಕ್ರಮ. ಹಿಮ್ಮಡಿ ಊರಿ ನಡೆಯುವ ನಡಿಗೆಯಲ್ಲೂ ‘ದಾರಿ ಬಿಡಿ’ ಎಂಬ ಧ್ವನಿ. ಅಂಬಾಸಮುದ್ರದ ತವರಿನಲ್ಲಿ, ತಾನು ಸಾಕಿದ ಮೇಕೆಮರಿ ತಂಗಿಯ ಕೈಯಿಂದ ಸೊಪ್ಪು ತಿಂದಿತೆಂದು ದಿನವಿಡೀ ಉಣ್ಣದೆ ಕುಳಿತಿದ್ದಳಂತೆ. ಇಂಥವಳ ಚೊಚ್ಚಲ ಕಂದ ಹೆತ್ತವಳ ಮಗ್ಗುಲಲ್ಲಿ ಕೈಕಾಲು ಬಡಿದು ಗೋಳಿಟ್ಟು, ಗಂಡ ಇಸಕ್ಕಿಮುತ್ತುವಿನ ಎದೆಯ ಮೇಲೆ ಬೋರಲು ಬಿದ್ದೊಡನೆ ನಿದ್ರಾವಶವಾಗುತ್ತಿತ್ತು.

ಇಸಕ್ಕಿ ಬಸ್ ಕಂಡಕ್ಟರ್. ಮನೆಯ ನೆಲವೂ ಇನ್ನೇನು ಬ್ರೇಕ್ ಹಾಕೀತೆಂಬಂತೆ ಕಾಲಗಲಿಸಿ ಓಲಾಡುತ್ತ ನಡೆಯುವವನು. ಖಾಕಿ ಅಂಗಿಯಲ್ಲೇ ಮಗುವನ್ನೆತ್ತಿ ಎರಡು ಸುತ್ತು ಹಾಕಿ ಕುರ್ಚಿಗೊರಗಿದರೆ, ಅಪ್ಪ ಮಗ ಇಬ್ಬರೂ ಒಟ್ಟಿಗೆ ನಿದ್ದೆ. ವಡಿವು ಬಾಗಿಲಿಗಾತು ನೋಡುವಳು. ಹೊತ್ತದ್ದು ತಾನು, ಹಾಲುಣಿಸುವುದು ತಾನು. ಡೀಸೆಲ್ ವಾಸನೆಯ ಆ ಅಂಗಿ ತನಗಿಂತ ಹೆಚ್ಚೇ? ಒಗೆಯುವಾಗ ಅದನ್ನು ಬೇಕಾದದ್ದಕ್ಕಿಂತ ಜೋರಾಗಿಯೇ ಕಲ್ಲಿಗೆ ಅಪ್ಪಳಿಸುತ್ತಿದ್ದಳು.

ಲಸಿಕೆ ಹಾಕಲು ಬಂದ ನರ್ಸ್ ಎಸ್ತರ್, ಮಗುವನ್ನು ಬೋರಲು ಮಲಗಿಸಲೇಬಾರದು, ಎದೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ನಿದ್ದೆಹೋಗುವುದಂತೂ ಅಪಾಯ, ಗಟ್ಟಿ ಹಾಸಿಗೆಯಲ್ಲಿ ಅಂಗಾತವೇ ಮಲಗಿಸಬೇಕು ಎಂದಳು. ವಡಿವುವಿಗೆ ವರ ಸಿಕ್ಕಂತಾಯಿತು. ಆ ಮಧ್ಯಾಹ್ನವೇ, ನಿದ್ರಿಸುತ್ತಿದ್ದ ಗಂಡನ ಎದೆಯಿಂದ ಮಗುವನ್ನೆತ್ತಿ ಚಾಪೆಯ ಮೇಲೆ ಅಂಗಾತ ಮಲಗಿಸಿದಳು. ಬೀದಿಗೆಲ್ಲ ಕೇಳುವಂಥ ಅಳು.

ಅತ್ತೆ ಅಡುಗೆಮನೆಯಿಂದಲೇ ಕೇಳಿದಳು: “ಏನೇ, ನರ್ಸಮ್ಮ ಹೇಳಿದ್ದಕ್ಕೋ, ಇಲ್ಲಾ ನಿನ್ನ ಹೊಟ್ಟೆಕಿಚ್ಚಿಗೋ?”

“ಅದಿರಲಿ ಅತ್ತೆ, ಎರಡಕ್ಕೂ.”

ಲಾಲಿ ಹಾಡಿದಳು, ಬೀಸಣಿಗೆ ಬೀಸಿದಳು, ಮೆಲ್ಲನೆ ತಟ್ಟಿದಳು. ಮಗು ಬೆನ್ನು ಬಾಗಿಸಿ ಇನ್ನಷ್ಟು ಚೀರಿತು. ಕೊನೆಗೆ, ಎದ್ದು ನಿಂತಿದ್ದ ಗಂಡನ ಮುಖ ನೋಡದೆ ಹೇಳಿದಳು: “ಎತ್ಕೋಬೇಡಿ. ಇಲ್ಲಿ ಕೂತು ಬರೀ ಕೈ ಇಡಿ.”

ಇಸಕ್ಕಿ ಪುಟ್ಟ ಎದೆಯ ಮೇಲೆ ಅಂಗೈಯನ್ನು ಹಗುರಾಗಿ ಇಟ್ಟ. ಅಳು ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ಉಸಿರಾಗಿ ಇಳಿಯಿತು. ವಡಿವು ತುಟಿ ಕಚ್ಚಿದಳು.

“ತೆಗೀಲಾ?”

“ಮೆಲ್ಲಗೆ ತೆಗೀರಿ.”

ಅವನ ಒಂದೊಂದು ಬೆರಳು ಮೇಲೆದ್ದಂತೆ ಅವಳ ಒಂದೊಂದು ಬೆರಳು ಆ ಜಾಗದಲ್ಲಿ ಇಳಿಯಿತು. ಮಗುವಿನ ಹುಬ್ಬು ಗಂಟಿಕ್ಕಿ, ಸಡಿಲವಾಯಿತು. ಕಣ್ಣು ಮಾತ್ರ ತೆರೆಯಲಿಲ್ಲ. ಇಸಕ್ಕಿ ಕಾಫಿ ಕುಡಿಯಲು ಹೋದ. ಊಟಕ್ಕೆ ಕರೆದರೂ ವಡಿವು ಏಳಲಿಲ್ಲ. ಗೆದ್ದ ಆ ಗಳಿಗೆಯಲ್ಲೂ, ಕಂದ ಸುಮ್ಮನಾದದ್ದು ಅವನ ಕೈಗೆ ತಾನೇ ಎಂಬ ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು.

ಸರಿಯಾದದ್ದನ್ನು ಅಸೂಯೆಯಿಂದ ಮಾಡುವವರ ಪಾಡೇ ಹೀಗೆ: ಮನೆ ಅವರನ್ನು ಹೊಗಳುವುದಿಲ್ಲ, ಹೊಗಳಿದರೂ ಅವರು ನಂಬುವುದಿಲ್ಲ. ಆದರೆ ಒಳ್ಳೆಯ ಮನಸ್ಸಿನವರೆಲ್ಲ ನಿಶ್ಚಿಂತರಾಗಿ ತೂಕಡಿಸುವ ಹೊತ್ತಿನಲ್ಲಿ, ತೊಟ್ಟಿಲ ಕೂಸಿನ ಮೇಲೆ ಕಣ್ಣಿಟ್ಟು ಎಚ್ಚರವಾಗಿರುವವರೂ ಅವರೇ.